ಅವಳ ಸಹಿ ಸಾಕು

ಮಾನ್ಯರೇ,

ಗರ್ಭಪಾತದ ವಿಷಯದಲ್ಲಿ, ಹೊಟ್ಟೆಯಲ್ಲಿರುವ ಕೂಸು ಯಾವಾಗಿನಿಂದ ಒಬ್ಬ ವ್ಯಕ್ತಿ ಎಂಬ ಚರ್ಚೆ ನಿಮ್ಮ ಪತ್ರಿಕೆಯಲ್ಲಿ ನಡೆಯುತ್ತಿದೆ. ಬಸಿರು ನಿಂತ ದಿನದಿಂದಲೇ ಅಂತ ಒಬ್ಬರು, ಎದೆಬಡಿತ ಶುರುವಾದ ಮೇಲೆ ಅಂತ ಇನ್ನೊಬ್ಬರು, ಹುಟ್ಟಿ ಉಸಿರಾಡಿದ ಮೇಲೆ ಅಂತ ಮತ್ತೊಬ್ಬರು. ನಾನು ಪಿಯುಸಿವರೆಗೆ ಓದಿದವಳು, ವಿಜಯನಗರದಲ್ಲಿ ಹೆಣ್ಣುಮಕ್ಕಳ ಪಿ.ಜಿ. ನಡೆಸುತ್ತೇನೆ. ನನ್ನ ಎರಡನೇ ಬಸಿರು ಐದನೇ ತಿಂಗಳಲ್ಲಿ ಹೋಯಿತು. ಹೆಸರಿಟ್ಟಿರಲಿಲ್ಲ, ಮುಖ ನೋಡಲೂ ಬಿಡಲಿಲ್ಲ. ಆದರೂ ನನಗೆ ಅದು ಮಗುವೇ. ಅಲ್ಲ ಅಂತ ಯಾರು ಬಂದು ಹೇಳಿದರೂ ಒಪ್ಪಲಾರೆ.

ಹಾಗಂತ ನನ್ನ ಮನಸ್ಸಿಗೆ ಅನಿಸಿದ್ದನ್ನು ಇನ್ನೊಬ್ಬಳ ಮೈಮೇಲೆ ಹೇರಲು ಬರುತ್ತದಾ? ನಮ್ಮ ಕಾನೂನೇ ಈ ವಿಷಯದಲ್ಲಿ ಒಂದೇ ಗೆರೆ ಎಳೆದಿಲ್ಲ. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯಲ್ಲಿ, ಅಪ್ಪ ಸತ್ತಾಗ ಹೊಟ್ಟೆಯಲ್ಲಿದ್ದ ಮಗುವಿಗೂ ಆಸ್ತಿಯಲ್ಲಿ ಪಾಲುಂಟು. ಆದರೆ ಜೀವಂತ ಹುಟ್ಟಿದರೆ ಮಾತ್ರ.

ಸರಿ, ಮೊದಲ ದಿನದಿಂದಲೇ ವ್ಯಕ್ತಿ ಅಂತಲೇ ಇಟ್ಟುಕೊಳ್ಳೋಣ. ಹುಟ್ಟಿ ಬೆಳೆದ ಮಗನಿಗೆ ಕಿಡ್ನಿ ಹೋದರೆ ಅಪ್ಪನಿಂದ ಬಲವಂತವಾಗಿ ತೆಗೆಯಲು ನಮ್ಮಲ್ಲಿ ಆಗುವುದಿಲ್ಲ. ಒಂದು ಬಾಟಲಿ ರಕ್ತವನ್ನೂ ಅವನೇ ಒಪ್ಪಿ ಕೊಡಬೇಕು. ಅಪ್ಪನಿಗೆ ಇಲ್ಲದ ಬಲವಂತ ಬಸುರಿಗೆ ಮಾತ್ರ ಯಾಕೆ? ಇದಕ್ಕೆ ಯಾರಾದರೂ ನೇರವಾಗಿ ಉತ್ತರ ಕೊಡಲಿ.

ಇದನ್ನೆಲ್ಲ ಬರೆಯಲು ಕಾರಣ ನಮ್ಮ ಪಿ.ಜಿ.ಯ ಒಬ್ಬ ಹುಡುಗಿ. ಅವಳನ್ನು ಕೇಳಿಯೇ ಬರೆಯುತ್ತಿದ್ದೇನೆ. ವಯಸ್ಸು ಇಪ್ಪತ್ಮೂರು, ಕೆಲಸದಲ್ಲಿದ್ದಾಳೆ, ಮದುವೆಯಾಗಿಲ್ಲ. ಬಸಿರಾಗಿ ಏಳು ವಾರ ಆಗಿತ್ತು. ಗರ್ಭಪಾತ ಮಾಡಿಸಲು ಹೊರಟಾಗ ಜೊತೆಗೆ ನಾನೇ ಹೋಗಿದ್ದೆ. ಹತ್ತಿರದ ಒಂದು ಖಾಸಗಿ ಆಸ್ಪತ್ರೆಯ ರಿಸೆಪ್ಷನ್‌ನಲ್ಲಿ ಫಾರಂ ಕೊಟ್ಟರು. ಅವಳು ಸಹಿ ಮಾಡಿದಳು. ಅಲ್ಲಿದ್ದಾಕೆ ಆ ಸಹಿಯ ಪಕ್ಕದಲ್ಲೇ ಪೆನ್ನಿನಿಂದ ಒಂದು ಗುಂಡು ಎಳೆದು, ‘ಇಲ್ಲಿ ಗಂಡಂದು ಬೇಕು, ಇಲ್ಲಾಂದ್ರೆ ಅಪ್ಪ-ಅಮ್ಮಂದು’ ಅಂದರು. ಯಾಕೆ ಅಂತ ಕೇಳಿದರೆ, ‘ಭ್ರೂಣಹತ್ಯೆ ಕೇಸ್ ಆದಮೇಲೆ ತುಂಬಾ ಸ್ಟ್ರಿಕ್ಟು ಆಂಟಿ’ ಎಂಬ ಉತ್ತರ. ಹೆಣ್ಣು ಅಂತ ತಿಳಿದು ತೆಗೆಸುವವರನ್ನು ಹಿಡಿಯಲೇಬೇಕು, ಅದಕ್ಕೆ 1994ರ ಕಾಯ್ದೆಯೇ ಇದೆ. ಏಳು ವಾರಕ್ಕೆ ಯಾವ ಸ್ಕ್ಯಾನ್‌ನಲ್ಲಿ ಗಂಡು-ಹೆಣ್ಣು ಕಾಣುತ್ತದೆ?

ಹುಡುಗಿ ಆ ಫಾರಂ ಮಡಿಚಿ ಬ್ಯಾಗಿಗೆ ಹಾಕಿಕೊಂಡಳು. ಆಟೋದಲ್ಲಿ ಒಂದು ಮಾತೂ ಆಡಲಿಲ್ಲ. ಬೇರೆ ಕಡೆ ಒಬ್ಬ ಡಾಕ್ಟರಮ್ಮ ಅವಳನ್ನೇ ಎದುರಿಗೆ ಕೂರಿಸಿಕೊಂಡು, ನಿಧಾನವಾಗಿ ಎಲ್ಲ ಕೇಳಿ, ಅವಳ ಸಹಿಯ ಮೇಲೆಯೇ ಮಾಡಿಕೊಟ್ಟರು. ಅಷ್ಟರಲ್ಲಿ ಒಂದು ವಾರ ಸುಮ್ನೆ ಹಾಳಾಗಿತ್ತು.

1971ರ ಗರ್ಭಪಾತ ಕಾಯ್ದೆ ಕೇಳುವುದು ಅವಳ ಒಪ್ಪಿಗೆಯನ್ನು ಮಾತ್ರ. ಪೋಷಕರ ಸಹಿ ಬೇಕಾಗುವುದು 18 ತುಂಬದವರಿಗೆ ಮತ್ತು ಮಾನಸಿಕ ಕಾಯಿಲೆ ಇರುವವರಿಗೆ. 20 ವಾರದವರೆಗೆ ಒಬ್ಬ ವೈದ್ಯರ ಅಭಿಪ್ರಾಯ ಸಾಕು. 2022ರ ಸೆಪ್ಟೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಮದುವೆಯಾಗದವರನ್ನು ಬೇರೆಯಾಗಿ ನೋಡಬೇಡಿ ಎಂದಿತು. ಮನೆಯವರ ಒಪ್ಪಿಗೆ ತನ್ನಿ ಅಂತ ಕಾನೂನಿನಲ್ಲಿಲ್ಲದ ಷರತ್ತು ಹಾಕಬೇಡಿ ಎಂದೂ ವೈದ್ಯರಿಗೆ ಹೇಳಿತು.

ಎದೆಬಡಿತದ ವಾದ ಮಾಡುವವರು ನಮ್ಮ ಬೆಳಗಾವಿಯ ಸವಿತಾ ಹಾಲಪ್ಪನವರ ಅವರನ್ನು ಮರೆಯಬಾರದು. 2012ರಲ್ಲಿ ಐರ್ಲೆಂಡಿನ ಗಾಲ್ವೇ ಆಸ್ಪತ್ರೆಯಲ್ಲಿ ಹದಿನೇಳು ವಾರದ ಬಸಿರು ಉಳಿಯುವುದಿಲ್ಲ ಅಂತ ಗೊತ್ತಿದ್ದೂ, ಎದೆಬಡಿತ ಇದೆ ಅಂತ ತೆಗೆಯಲಿಲ್ಲ. ಕೂಸೂ ಉಳಿಯಲಿಲ್ಲ, ಸೋಂಕು ರಕ್ತಕ್ಕೇರಿ ಅವರೂ ಹೋದರು. ಆ ದೇಶ 2018ರಲ್ಲಿ ಜನಮತ ಕೇಳಿ ಸಂವಿಧಾನವನ್ನೇ ತಿದ್ದಿತು.

ನಮ್ಮಲ್ಲಿ ಕಾನೂನು ಆಗಲೇ ಇದೆ, ಕೌಂಟರ್‌ಗೆ ತಲುಪಿಲ್ಲ ಅಷ್ಟೆ. ಲಿಂಗ ಪತ್ತೆ ಮಾಡುವುದಿಲ್ಲ ಎಂಬ ಬೋರ್ಡ್ ಸ್ಕ್ಯಾನಿಂಗ್ ಸೆಂಟರ್‌ಗಳಲ್ಲಿ ಇರುತ್ತದಲ್ಲ, ಅದರ ಪಕ್ಕದಲ್ಲೇ ‘18 ತುಂಬಿದ ಮಹಿಳೆಯ ಗರ್ಭಪಾತಕ್ಕೆ ಅವಳ ಒಪ್ಪಿಗೆ ಸಾಕು’ ಅಂತ ದಪ್ಪಕ್ಷರದಲ್ಲಿ, ಕನ್ನಡದಲ್ಲಿ ಇನ್ನೊಂದು ಹಾಕಿಸಲು ಆರೋಗ್ಯ ಇಲಾಖೆ ಆದೇಶ ಹೊರಡಿಸಲಿ.

– ಓರ್ವ ಓದುಗಿ, ವಿಜಯನಗರ, ಬೆಂಗಳೂರು
(ಹುಡುಗಿಯ ಗುರುತು ಸಿಗಬಾರದು, ದಯವಿಟ್ಟು ನನ್ನ ಹೆಸರು ಹಾಕಬೇಡಿ.)