ಮೇಷ್ಟ್ರಿಗೊಂದು ಪತ್ರ, ಅವನ ಲಿಸ್ಟಿಗೆ ಉತ್ರ

ಲೋ ಮೇಷ್ಟ್ರೇ,

ಬೈಬಲಲ್ಲಿ ಒಂದಕ್ಕೊಂದು ಹೊಂದದೇ ಇರೋದನ್ನೆಲ್ಲಾ ಲಿಸ್ಟ್ ಮಾಡಿ ಕಳ್ಸಿದ್ಯಲ್ಲ, ಆ ಮೆಸೇಜ್ ಓದ್ದೆ. ಅಷ್ಟುದ್ದ ಲಿಸ್ಟ್ ಮಾಡೋಕೆ ಕೂತಿದ್ಯಲ್ಲ, ಆ ಶ್ರದ್ಧೇಲಿ ಅರ್ಧ ಡಿಗ್ರೀಲಿ ಇದ್ದಿದ್ರೆ ಅಕೌಂಟೆನ್ಸಿ ಪೇಪರ್ ಪ್ರಕರಣ ಆಗ್ತಾನೇ ಇರ್ಲಿಲ್ಲ (ಜಾಸ್ತಿ ಹೇಳಲ್ಲ, ಹಾಸನದವರೆಲ್ಲಾ ಓದ್ತಾರೆ). ಶೆಟ್ಟಿಹಳ್ಳಿ ಚರ್ಚ್ ಹತ್ರ ಹೇಮಾವತಿ ಹಿನ್ನೀರಿನ ಕೆಸರಲ್ಲಿ ನಿಂತು ಶುರು ಮಾಡಿದ ವಾದ ನೀನಿನ್ನೂ ಬಿಟ್ಟಿಲ್ಲ ಅಂದ್ರೆ ನಾನೂ ಎಲ್ಲರ ಮುಂದೇನೇ ಉತ್ರ ಕೊಡ್ತೀನಿ.

ಅಹಜ್ಯ ಅನ್ನೋ ರಾಜನ ವಯಸ್ಸು ಬಿಡು. ಅರಸುಗಳ ಪುಸ್ತಕದಲ್ಲಿ 22ಕ್ಕೆ ಪಟ್ಟಕ್ಕೆ ಬಂದ, ಪೂರ್ವಕಾಲದ ಇತಿಹಾಸ ಅನ್ನೋ ಪುಸ್ತಕದ ಹೀಬ್ರೂ ಮೂಲದಲ್ಲಿ 42ಕ್ಕೆ, ಅವರಪ್ಪ ಸತ್ತಿದ್ದೇ 40ಕ್ಕೆ. ಅಪ್ಪನಿಗಿಂತ ಮಗ ದೊಡ್ಡೋನು! ನಕ್ಕೆ ಕಣೋ, ಪ್ರತಿ ಮಾಡ್ಕೊಳ್ಳೋನು ಎಲ್ಲೋ ಎಡವಿರ್ತಾನೆ. ಯೇಸುವನ್ನ ಹಿಡಿದುಕೊಟ್ಟ ಯೂದ ಮತ್ತಾಯನಲ್ಲಿ ನೇಣು ಹಾಕ್ಕೊಂಡ, ಅಪೊಸ್ತಲರ ಕೃತ್ಯಗಳಲ್ಲಿ ಬಿದ್ದು ಹೊಟ್ಟೆ ಒಡೆದು ಸತ್ತ. ಹಗ್ಗ ಹರಿದು ಬಿದ್ದ ಅಂತ ಎರಡನ್ನೂ ಹೊಲಿಯೋರಿದಾರೆ, ಆ ಹೊಲಿಗೆ ನಂಗೆ ಹಿಡಿಸಲ್ಲ, ಎರಡು ಕಡೇನೂ ಇಲ್ದಿರೋ ಮೂರನೇ ಕತೆ ಅದು. ಎರಡನೇ ಶತಮಾನದಲ್ಲೇ ತಾಸಿಯನ್ ಅನ್ನೋನು ಯೇಸುವಿನ ಕತೆ ಹೇಳೋ ನಾಲ್ಕೂ ಶುಭಸಂದೇಶ (ಮತ್ತಾಯ, ಮಾರ್ಕ, ಲೂಕ, ಯೊವಾನ್ನ) ಸೇರಿಸಿ ಒಂದೇ ಕತೆ ಮಾಡಿದ್ದ, ಸಿರಿಯಾ ಕಡೆ ಚರ್ಚುಗಳಲ್ಲಿ ಅದನ್ನೇ ಓದ್ತಿದ್ರು, ಐದನೇ ಶತಮಾನದಲ್ಲಿ ಥಿಯೊಡೊರೆಟ್ ಅನ್ನೋ ಬಿಷಪ್ಪು 200ಕ್ಕೂ ಹೆಚ್ಚು ಪ್ರತಿ ಎತ್ತಿಸಿ ಮತ್ತೆ ನಾಲ್ಕನ್ನೇ ಇಡಿಸ್ದ. ಹೊಂದ್ಕೊಂಡಿರೋದನ್ನ ಬಿಟ್ಟು ಹೊಂದದೇ ಇರೋದನ್ನ ಇಟ್ಕೊಂಡ್ರು ನೋಡು. ಒಂದಕ್ಷರಾನೂ ತಪ್ಪಿಲ್ಲ ಅನ್ನೋರಿಗೆ ನಿನ್ನ ಲಿಸ್ಟಿಂದ ಏಟು ಬೀಳುತ್ತೆ, ಒಪ್ತೀನಿ. ನಂಗೆ ಬೀಳ್ಲಿಲ್ಲ.

ಬಿದ್ದಿದ್ದು ನೀನು ಕೊನೇಲಿ ಸುಮ್ನೆ ಸೇರಿಸಿದ್ಯಲ್ಲ, ಶಿಲುಬೆ ಮೇಲೆ ಯೇಸು ಆಡಿದ ಕೊನೇ ಮಾತು, ಅದು. ಮಾರ್ಕನಲ್ಲಿ "ಯಾಕೆ ಕೈಬಿಟ್ಟೆ" ಅಂತ ಕೂಗ್ತಾನೆ, ಲೂಕನಲ್ಲಿ ತಂದೆ ಕೈಗೆ ಆತ್ಮ ಒಪ್ಪಿಸ್ತಾನೆ, ಯೊವಾನ್ನನಲ್ಲಿ ಎಲ್ಲಾ ಮುಗೀತು ಅಂತಾನೆ.

ನಮ್ಮಪ್ಪ ಯೇಸುವಿನ ಹೆಸರು ಹೇಳ್ಕೊಂಡೇ ಹೋದ್ರು ಅಂತ ಅಮ್ಮ ಹೇಳ್ತಾರೆ. ಮೆಣಸಿನ ರೇಟ್ ಕೇಳಿದ್ರು ಅಂತ ಅಣ್ಣ. ಸಕಲೇಶಪುರದಲ್ಲಿ ಎಸ್ಟೇಟ್ ರೈಟರ್ ಆಗಿ ಲೆಕ್ಕ ಬರೀತಿದ್ದೋರು, ನಂಬೋ ಹಾಗೇ ಇದೆ. ಮನೆಗೆ ಬಂದೋರಿಗೆಲ್ಲಾ ನಾನು ಅಮ್ಮ ಹೇಳಿದ್ದನ್ನೇ ಹೇಳ್ಕೊಂಡು ಬಂದಿದೀನಿ. ಆದ್ರೆ ಮಂಚದ ಪಕ್ಕ ನಾನೂ ಇದ್ದೆ ಕಣೋ, ನಂಗೇನೂ ಕೇಳಿಸ್ಲಿಲ್ಲ. ಉಸಿರು, ಆಮೇಲೆ ಅದೂ ಇಲ್ಲ. ಸಿನಾಯ್ಟಿಕಸ್, ವ್ಯಾಟಿಕಾನಸ್ ಅಂತ ಬೈಬಲಿನ ಎರಡು ಹಳೇ ಹಸ್ತಪ್ರತಿ ಇದಾವಲ್ಲ, ಅದ್ರಲ್ಲಿ ಮಾರ್ಕನ ಶುಭಸಂದೇಶ 16ನೇ ಅಧ್ಯಾಯದ 8ನೇ ವಚನಕ್ಕೇ ನಿಲ್ಲುತ್ತೆ, ಹೆಂಗಸರು ಯೇಸುವಿನ ಸಮಾಧಿಯಿಂದ ಓಡಿಹೋಗ್ತಾರೆ, ಭಯಕ್ಕೆ ಯಾರಿಗೂ ಏನೂ ಹೇಳಲ್ಲ, ಅಷ್ಟೇ. ಮುಂದಿನ 12 ವಚನ ಆಮೇಲೆ ಯಾರೋ ಸೇರಿಸಿದ್ದು ಅಂತ ಬಹಳ ಪಂಡಿತರು ಹೇಳ್ತಾರೆ. ನಾನು ಅಪ್ಪನ ವಿಷ್ಯದಲ್ಲಿ ಆ 12 ವಚನ ಬಾಯಿಪಾಠ ಮಾಡ್ಕೊಂಡು ಓಡಾಡ್ತಿದೀನಿ. ಪ್ರಾರ್ಥನೆಗೆ ಕೂತ್ರೂ ಅದೇ ಕತೆ, ಆ ಕಡೆಯಿಂದ ಏನೂ ಕೇಳ್ಸಲ್ಲ, ಆದ್ರೂ ಭಾನುವಾರ ಹೋಗ್ತೀನಿ, ಕೀಬೋರ್ಡ್ ನುಡಿಸ್ತೀನಿ, ಬಿಡೋಕೂ ಆಗ್ತಿಲ್ಲ. ಇದು ನಂಬಿಕೇನಾ ಚಾಳೀನಾ ನೀನೇ ಹೇಳು, ನಿನ್ನ ಲಿಸ್ಟಲ್ಲಿ ಈ ಪ್ರಶ್ನೆ ಇರ್ಲಿಲ್ಲ.

ಥೂ, ಎಲ್ಲಿಂದ ಎಲ್ಲಿಗೋ ಹೋಯ್ತು. ಇದನ್ನ ಯಾರಾದ್ರೂ ನಮ್ಮಮ್ಮನಿಗೆ ಫಾರ್ವರ್ಡ್ ಮಾಡಿದ್ರೆ ಕ್ರಿಸ್ಮಸ್ ಕಜ್ಜಾಯ ಕಟ್, ಹೇಳಿದೀನಿ. ಮೇಷ್ಟ್ರೇ, ಈ ಸಲ ಕ್ರಿಸ್ಮಸ್ ನಡುರಾತ್ರಿ ಪೂಜೆಗೆ ಬಾ, ನಾನು ನುಡಿಸೋದಕ್ಕೂ ಗಾಯಕವೃಂದ ಹಾಡೋದಕ್ಕೂ ಇರೋ ವಿರೋಧಾಭಾಸ ಕೇಳಿದ್ರೆ ಬೈಬಲ್ ಎಷ್ಟೋ ವಾಸಿ ಅಂತೀಯ. ಬರ್ತಾ ನನ್ನ ಹೆಲ್ಮೆಟ್ ತಗೊಂಡು ಬಾರೋ ಕಳ್ಳ.