ಸ್ಟೀರಿಂಗ್ ಇಲ್ಲದ ಗಾಡಿ

ಆಲ್ಬುಕರ್ಕಿ, ನ್ಯೂ ಮೆಕ್ಸಿಕೊ
ಅಕ್ಟೋಬರ್, ಭಾನುವಾರ ರಾತ್ರಿ

ಅಪ್ಪ, ಅಮ್ಮನಿಗೆ ಪುಟ್ಟಿ ಮಾಡುವ ನಮಸ್ಕಾರಗಳು.

ನಾನು ಇಲ್ಲಿ ಕ್ಷೇಮ. ಬಲಗೈ ಅಂಗೈ ಸ್ವಲ್ಪ ತರಚಿದೆ, ಅಷ್ಟೇ. ಯಾಕೆ ಅಂತ ಮುಂದೆ ಬರೆಯುತ್ತೇನೆ. ಅಮ್ಮ, ನಿನಗೆ ಮೊದಲೇ ಹೇಳಿಬಿಡುತ್ತೇನೆ, ನಾನು ಬಲೂನು ಹತ್ತಲಿಲ್ಲ. ಈಗ ನಿಧಾನವಾಗಿ ಕೂತು ಓದು.

ಈ ಊರಲ್ಲಿ ಪ್ರತಿ ವರ್ಷ ಅಕ್ಟೋಬರ್ ಶುರುವಿನಲ್ಲಿ ಒಂಬತ್ತು ದಿನ ಬಲೂನ್ ಫಿಯೆಸ್ಟಾ ನಡೆಯುತ್ತದೆ. ಬಲೂನು ಅಂದರೆ ಆಟದ್ದಲ್ಲ, ಬುಟ್ಟಿಯಲ್ಲಿ ಜನರನ್ನು ಹೊತ್ತು ಹಾರುವ ದೊಡ್ಡ ಬಿಸಿಗಾಳಿ ಬಲೂನು. ಫಿಯೆಸ್ಟಾ ಅಂದರೆ ಸ್ಪ್ಯಾನಿಷ್‌ನಲ್ಲಿ ಹಬ್ಬ. 1972ರಲ್ಲಿ ಒಂದು ಮಾಲಿನ ಪಾರ್ಕಿಂಗ್ ಜಾಗದಲ್ಲಿ 13 ಬಲೂನುಗಳಿಂದ ಶುರುವಾದದ್ದು, 2000ನೇ ಇಸವಿಯಲ್ಲಿ ಸಾವಿರ ದಾಟಿತ್ತಂತೆ. ಈಗ ಐನೂರರ ಆಸುಪಾಸು. ನನ್ನ ಜೊತೆ ಕೆಲಸ ಮಾಡುವವಳ ದೊಡ್ಡಪ್ಪ ಬಲೂನು ಪೈಲಟ್. ಅವರಿಗೆ ಕೆಳಗೆ ಕೆಲಸ ಮಾಡಲು ಜನ ಸಾಲದಾಗಿತ್ತು. ಸುಮ್ನೆ ನೋಡಿ ಬರುವುದಕ್ಕಿಂತ ಇದೇ ಮೇಲು ಅಂತ ಸೇರಿಕೊಂಡೆ.

ನಿನ್ನೆ ಬೆಳಗಿನ ಜಾವ ಮೂರೂವರೆಗೆ ಎದ್ದು ಹೋದೆವು. ವಿಪರೀತ ಚಳಿ. ಮೈದಾನದಲ್ಲಿ ಹಳದಿ ಬಾವುಟ ಏರಿತ್ತು. ಹಸಿರು ಅಂದರೆ ಹಾರಬಹುದು, ಹಳದಿ ಅಂದರೆ ಕಾಯಿರಿ, ಕೆಂಪು ಅಂದರೆ ಇವತ್ತು ಇಲ್ಲ. ಕಾದು ಕಾದು ಕೊನೆಗೆ ಬಂದದ್ದು ಕೆಂಪು. ನೆಲದ ಮಟ್ಟದ ಗಾಳಿ ಜಾಸ್ತಿ ಇತ್ತು. ಇಷ್ಟು ದೊಡ್ಡ ಹಬ್ಬ ಒಂದು ಗಾಳಿಗೆ ನಿಂತುಹೋಗುತ್ತದೆ, ಯಾರೂ ಗಲಾಟೆ ಮಾಡುವುದಿಲ್ಲ!

ಹೊತ್ತು ಕಳೆಯಲು ಅಲ್ಲೇ ಪಕ್ಕದ ಬಲೂನ್ ಮ್ಯೂಸಿಯಂಗೆ ಹೋದೆವು. 1978ರಲ್ಲಿ ಈ ಊರಿನ ಮೂವರು ಹೀಲಿಯಂ ಗ್ಯಾಸ್ ತುಂಬಿದ ಬಲೂನಿನಲ್ಲಿ 137 ಗಂಟೆ ತೇಲಿ ಅಟ್ಲಾಂಟಿಕ್ ಸಾಗರ ದಾಟಿ ಫ್ರಾನ್ಸ್‌ನಲ್ಲಿ ಇಳಿದರು. ಬಲೂನಿನಲ್ಲಿ ಅಟ್ಲಾಂಟಿಕ್ ದಾಟಿದವರಲ್ಲಿ ಅವರೇ ಮೊದಲು. ಮ್ಯೂಸಿಯಂಗೆ ಅವರಲ್ಲಿ ಇಬ್ಬರ ಹೆಸರಿಟ್ಟಿದ್ದಾರೆ. ಆದರೆ ನನಗೆ ಹಿಡಿಸಿದ್ದು ಕುರಿಯ ಕತೆ. 1783ರ ಸೆಪ್ಟೆಂಬರ್‌ನಲ್ಲಿ ಮಾಂಟ್‌ಗಾಲ್ಫಿಯರ್ ಸಹೋದರರು ಫ್ರಾನ್ಸ್‌ನ ರಾಜನ ಎದುರಿಗೆ ಬಲೂನು ಹಾರಿಸಿದರು. ಮನುಷ್ಯರನ್ನು ಕಳಿಸಲು ಧೈರ್ಯ ಬರಲಿಲ್ಲ. ಒಂದು ಕುರಿ, ಒಂದು ಬಾತುಕೋಳಿ, ಒಂದು ಹುಂಜ ಹತ್ತಿಸಿದರು. ಸುಮಾರು ಎಂಟು ನಿಮಿಷ ಹಾರಿ ಮೂರೂ ಜೀವಂತ ಇಳಿದವು. ಎರಡು ತಿಂಗಳಾದ ಮೇಲೆ, ನೆಲಕ್ಕೆ ಕಟ್ಟಿಹಾಕದ ಬಲೂನಿನಲ್ಲಿ ಮನುಷ್ಯರೂ ಹಾರಿದರು.

ಇವತ್ತು ಹಸಿರು ಬಾವುಟ. ಬಲೂನಿನ ಬಟ್ಟೆಯನ್ನು ನೆಲದ ಮೇಲೆ ಉದ್ದಕ್ಕೆ ಬಿಚ್ಚಿ, ಬೆತ್ತದ ಬುಟ್ಟಿ ಮಲಗಿಸಿ, ದೊಡ್ಡ ಪೆಟ್ರೋಲ್ ಫ್ಯಾನಿನಿಂದ ಮೊದಲು ತಣ್ಣನೆ ಗಾಳಿ ತುಂಬಿದೆವು. ಆಮೇಲೆ ಬರ್ನರ್. ಅದಕ್ಕೆ ಪ್ರೊಪೇನ್ ಗ್ಯಾಸ್, ನಮ್ಮ ಅಡುಗೆ ಸಿಲಿಂಡರಿನಲ್ಲೂ ಇದು ಇರುತ್ತದೆ. ಭುಸ್ ಅಂತ ಬೆಂಕಿ ಎದ್ದಾಗ ಎದೆ ಝಲ್ಲೆಂದಿತು. ಬಲೂನಿನ ನೆತ್ತಿಗೆ ಒಂದು ಹಗ್ಗ ಇರುತ್ತದೆ. ಅದು ಓಲಾಡದಂತೆ ಆ ಹಗ್ಗ ಜಗ್ಗಿ ಹಿಡಿಯುವುದು ನನ್ನ ಕೆಲಸ. ಫೋಟೋ ತೆಗೆಯಲು ಒಂದು ಗ್ಲೌಸ್ ಬಿಚ್ಚಿದ್ದೆ. ಹಗ್ಗ ಸರ್ರನೆ ಜಾರಿ ಅಂಗೈ ತರಚಿತು. ಬೈಸಿಕೊಂಡೆ.

ಅಪ್ಪ, ಇನ್ನು ಮುಂದಿನದು ನಿಮಗಾಗಿ. ಹೊರಡುವ ಹೊತ್ತಿಗೆ ಕಪ್ಪು ಬಿಳಿ ಪಟ್ಟೆ ಬಟ್ಟೆ ತೊಟ್ಟ ಒಬ್ಬಾಕೆ ಬಂದು, ಮೇಲೆ ಯಾರೂ ಇಲ್ಲ ಅಂತ ನೋಡಿ, ಸೀಟಿ ಊದಿದಳು. ಇವರನ್ನು ಜೀಬ್ರಾ ಅಂತಾರೆ. ಥೇಟ್ ಕಂಡಕ್ಟರ್ ರೈಟ್ ರೈಟ್ ಅಂದ ಹಾಗೆ! ಆದರೆ ಡ್ರೈವರ್ ಹತ್ತಿರ ಸ್ಟೀರಿಂಗ್ ಇಲ್ಲ. ನೀವು ಇಷ್ಟು ವರ್ಷ ಬಸ್ ಓಡಿಸಿದವರು, ಒಪ್ಪಲಿಕ್ಕಿಲ್ಲ. ಬರ್ನರ್ ಹಚ್ಚಿದರೆ ಮೇಲೆ, ಸುಮ್ಮನಿದ್ದರೆ ನಿಧಾನವಾಗಿ ಕೆಳಗೆ. ಎಡ, ಬಲ ಎಲ್ಲ ಗಾಳಿಯ ಇಷ್ಟ.

ನಾವು ಪಿಕಪ್ ಹತ್ತಿ ಹಿಂದೆ ಬಿದ್ದೆವು. ಬಲೂನು ದಕ್ಷಿಣಕ್ಕೆ ಹೊರಟಿತ್ತು. ಅದು ನೇರ ಹೋಗುತ್ತದೆ, ನಾವು ಸಿಗ್ನಲ್ ಸಿಗ್ನಲಿಗೂ ನಿಲ್ಲಬೇಕು. ಒಂದಿಷ್ಟು ಬಲೂನುಗಳು ರಿಯೊ ಗ್ರ್ಯಾಂಡ್ ನದಿಗಿಳಿದು ಬುಟ್ಟಿಯ ತಳ ಒದ್ದೆ ಮಾಡಿಕೊಂಡು ಮತ್ತೆ ಏರುತ್ತಿದ್ದವು. ಕೊಕ್ಕರೆಗಳೇ ಸರಿ. ನಾಲ್ಕು ಮೈಲಿ ಹೋಗಿರಬೇಕು, ರೇಡಿಯೊದಲ್ಲಿ ದೊಡ್ಡಪ್ಪನ ದನಿ ಬಂತು. "ನಾನು ಮೇಲಕ್ಕೆ ಹೋಗುತ್ತಿದ್ದೇನೆ. ನೀವು ವಾಪಸ್ ಹೊರಡಿ." ತಲೆ ಎತ್ತಿದರೆ ನಮ್ಮ ಬಲೂನು ಬಂದ ದಾರಿಯಲ್ಲೇ ಹಿಂದಕ್ಕೆ ಹೋಗುತ್ತಿದೆ!

ಇದಕ್ಕೆ ಇಲ್ಲಿ 'ಬಾಕ್ಸ್' ಅನ್ನುತ್ತಾರೆ. ರಾತ್ರಿ ತಣ್ಣಗಾದ ಭಾರದ ಗಾಳಿ ನದಿಯ ಕಣಿವೆ ಹಿಡಿದು ಉತ್ತರದಿಂದ ದಕ್ಷಿಣಕ್ಕೆ ಇಳಿಯುತ್ತದೆ. ಅದರ ಮೇಲಿನ ಗಾಳಿ ಎಷ್ಟೋ ದಿನ ಇದಕ್ಕೆ ಉಲ್ಟಾ ಬೀಸುತ್ತದೆ. ಕೆಳಗಿನ ಗಾಳಿಯಲ್ಲಿ ಹೋಗಿ, ಮೇಲಿನದರಲ್ಲಿ ವಾಪಸ್. ಹೋಗುವ ಬಸ್ ಇಳಿದು ಬರುವ ಬಸ್ ಹತ್ತಿದ ಹಾಗೆ. ಬಿಸಿಲೇರಿದರೆ ಈ ಆಟ ಕೆಡುತ್ತದೆ. ಅದಕ್ಕೇ ಮೂರೂವರೆಗೆ ಎಬ್ಬಿಸುವುದು.

ಇಳಿದದ್ದು ಮೈದಾನಕ್ಕೆ ಒಂದು ಮೈಲಿ ದೂರ, ಮನೆಗಳ ಹಿಂದಿನ ಬಯಲಲ್ಲಿ. ಬ್ರೇಕೂ ಇಲ್ಲ ಅಪ್ಪ. ನೆತ್ತಿಯ ಮುಚ್ಚಳ ತೆರೆದು ಬಿಸಿಗಾಳಿ ಬಿಡುತ್ತಾರೆ, ಬುಟ್ಟಿ ನೆಲಕ್ಕೆ ತಾಗಿ ಒಂದೆರಡು ಸಲ ಪುಟಿಯುತ್ತದೆ. ರಾತ್ರಿ ಬಟ್ಟೆಯಲ್ಲೇ ಒಬ್ಬ ತಾತ ಕಾಫಿ ಲೋಟ ಹಿಡಿದು ಓಡಿ ಬಂದರು. ಅವರ ನಾಯಿಗೆ ಮಾತ್ರ ನಾವು ಇಷ್ಟವಾಗಲಿಲ್ಲ. ಬಲೂನನ್ನು ತಬ್ಬಿ ತಬ್ಬಿ ಗಾಳಿ ಹಿಂಡಿ, ಚೀಲಕ್ಕೆ ತುರುಕಿ, ಮೇಲೆ ಕೂತು ಕಟ್ಟಿದೆವು. ಹಾಸಿಗೆ ಸುರುಳಿ ಕಟ್ಟಿ ಅಭ್ಯಾಸ ಇದ್ದದ್ದು ಒಳ್ಳೆಯದಾಯಿತು.

ಹೊರಡುವಾಗ ದೊಡ್ಡಪ್ಪ ನನ್ನ ಅಂಗೈ ನೋಡಿ, ಬರುವ ಶನಿವಾರ ಬುಟ್ಟಿಯಲ್ಲಿ ಒಂದು ಜಾಗ ಇದೆ ಅಂದರು. ನಾನು ಹ್ಞೂಂ ಅಂದಿದ್ದೇನೆ. ಅಮ್ಮ, ಫೋನಿನಲ್ಲಿ ಹೇಳದೆ ಕಾಗದ ಬರೆದದ್ದು ಇದಕ್ಕೇ. ಇದು ನಿನ್ನ ಕೈ ಸೇರುವಷ್ಟರಲ್ಲಿ ಶನಿವಾರ ಕಳೆದಿರುತ್ತದೆ.

ಅಪ್ಪ, ಅಮ್ಮನಿಗೆ ಆ ಕುರಿಯ ಕತೆ ಇನ್ನೊಂದು ಸಲ ಓದಿ ಹೇಳಿ.

ಇಂತಿ ನಿಮ್ಮ ಪ್ರೀತಿಯ ಮಗಳು,
ಪುಟ್ಟಿ