ಯೋಜನಾ ಹಾಳೆ ತಿದ್ದಿಕೊಟ್ಟವರಿಗೆ

ಸಮುದಾಯಕ್ಕೆ ಬೇಕಾದ ಕೆಲಸ ಮಾಡುತ್ತಲೇ ಮಕ್ಕಳು ಪಾಠ ಕಲಿಯುವ ‘ಸೇವಾ ಕಲಿಕೆ’ಯ ತರಬೇತಿಯಲ್ಲಿ ಶಿಕ್ಷಕರ ಯೋಜನಾ ಹಾಳೆಗಳನ್ನು ಸಾಲು ಬಿಡದೆ ಓದಿ, ಅಂಚಿನಲ್ಲಿ ಪೆನ್ಸಿಲಿನಿಂದ ಟಿಪ್ಪಣಿ ಬರೆದು, ಹೆಸರು ಹಾಕದೆ ಹೋದವರಿಗೆ ನಮ್ಮೆಲ್ಲರ ಮನಸಾರೆ ವಂದನೆ.

‘ಉದ್ಯಾನ ಸ್ವಚ್ಛತೆ’ ಎಂಬ ಶೀರ್ಷಿಕೆಯ ಪಕ್ಕ ನೀವು ಕೇಳಿದ್ದು ಒಂದೇ: ‘ಇದು ಬೇಕೆಂದವರು ಯಾರು?’ ಅಗತ್ಯವನ್ನು ಶಿಕ್ಷಕರೇ ಊಹಿಸಿಬಿಟ್ಟರೆ ಮಕ್ಕಳಿಗೆ ಅದು ಇನ್ನೊಂದು ಹೋಂವರ್ಕ್ ಅಷ್ಟೆ. ಮಕ್ಕಳೇ ಉದ್ಯಾನ ಬಳಸುವವರನ್ನು ಮಾತಾಡಿಸಬೇಕು, ಒಂದು ವಾರ ಕಸವನ್ನು ಬಗೆಬಗೆಯಾಗಿ ಎಣಿಸಬೇಕು, ಆಮೇಲೆ ಕೆಲಸ ಆರಿಸಬೇಕು. ಆ ಎಣಿಕೆ ಗಣಿತದ ಸ್ತಂಭಾಲೇಖವಾಗುತ್ತದೆ. ಉದ್ಯಾನದ ಹೊಣೆ ಹೊತ್ತವರಿಗೆ ಬರೆಯುವ ಮನವಿ ಪತ್ರಲೇಖನವಾಗುತ್ತದೆ. ಪಾಠದ ಕೊಂಡಿ ಇಲ್ಲದ್ದು ಶ್ರಮದಾನ. ಅದೂ ಒಳ್ಳೆಯದೇ, ಆದರೆ ಸೇವಾ ಕಲಿಕೆಯಲ್ಲ.

ಅನುಮತಿ, ಕೈಗವಸು, ಪ್ರಥಮ ಚಿಕಿತ್ಸೆಯ ಪೆಟ್ಟಿಗೆ ಒಂದೇ ಸಾಲಿನಲ್ಲಿ ಮುಗಿದವು. ಮಕ್ಕಳು ಕೆಲಸದ ಬಗ್ಗೆ ಕೂತು ಯೋಚಿಸಿ ಮಾತಾಡುವ ಅವಲೋಕನಕ್ಕೆ ಮಾತ್ರ ಕೆಲಸದ ಮುಂಚೆ, ನಡುವೆ, ನಂತರ ಎಂದು ಮೂರು ಅವಧಿಗಳನ್ನು ವೇಳಾಪಟ್ಟಿಯಲ್ಲೇ ಬರೆಸಿದಿರಿ. ಕೊನೆಗೆ ನೋಡಿಕೊಳ್ಳೋಣ ಎಂದರೆ ಪರೀಕ್ಷೆಯೋ ರಜೆಯೋ ಅದನ್ನು ನುಂಗಿಬಿಡುತ್ತದೆ. ‘ಹೇಗನ್ನಿಸಿತು?’ ಎಂದರೆ ‘ಚೆನ್ನಾಗಿತ್ತು’ ಎಂಬಲ್ಲಿಗೆ ಮಾತು ನಿಲ್ಲುತ್ತದೆ. ‘ಕಸ ಮತ್ತೆ ಅಲ್ಲೇ ಬೀಳುವುದೇಕೆ?’ ಎಂದರೆ ಮಕ್ಕಳು ಯೋಚಿಸುತ್ತಾರೆ.

ಫಲಿತಾಂಶವನ್ನು ಉದ್ಯಾನದವರಿಗೆ ತಿಳಿಸುವುದು ಯಾರ ಹೊಣೆ, ಯಾವ ದಿನಾಂಕಕ್ಕೆ ಎಂದು ನೀವು ಸೇರಿಸಿದ ಖಾನೆ ಈಗ ನಮ್ಮ ನಮೂನೆಯಲ್ಲಿ ಕಾಯಂ ಆಗಿದೆ.